ಹೊಸ ನೀರ್ಗಲ್ಲು

ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ನಾನು ಜಾಣೆ.
ನೂರ ಅರವತ್ತಾರು, ನೂರ ಅರವತ್ತೇಳು,
ಒಮ್ಮೆಯಂತೂ ಅರವತ್ತೊಂಬತ್ತು ಬಂದು
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ,
ಮಗನ ಹಲ್ಲಿನ ಡಾಕ್ಟರ ಚೀಟಿಯ ಪಕ್ಕ.

ಈಚಿನವು ಹಾಗಲ್ಲ.
ಹೋದ ಶನಿವಾರ ನೂರ ಐವತ್ತೆಂಟು.
ಈ ಶನಿವಾರ ಐವತ್ತೇಳು.
ಅವೇ ಹಳೆಯ ಬಟ್ಟೆ ತೊಟ್ಟು ಬರುತ್ತವೆ ಪ್ರಶ್ನೆಗಳು:
ವಲಸೆ ಹಕ್ಕಿ, ಮ್ಯೂಸಿಯಮ್ಮಿನ ಬಣ್ಣ,
ನಗರಸಭೆಯ ಯಾರೋ ಸದಸ್ಯನ ಮೊಂಡುವಾದ.
ಬಟ್ಟೆಯೊಳಗೆ ಮಾತ್ರ ಬೇರೆ ಯಾರೋ.
ಐದು ಉತ್ತರಗಳಲ್ಲಿ ಮೂರು ತಾವಾಗಿ ಉದುರುತ್ತವೆ;
ಉಳಿದೆರಡು ಅವಳಿಗಳ ಹಾಗೆ ಕೂತು
‘ನೀನೇ ಹೇಳು ತಾಯಿ’ ಅನ್ನುತ್ತವೆ.
ಅಷ್ಟರಲ್ಲಿ ಮೂವತ್ತೈದು ನಿಮಿಷ.
ಅಡುಗೆಮನೆಯ ಟೈಮರು ಕಿರುಚುತ್ತದೆ,
ಈರೊ, ಒಂಬತ್ತು ವರ್ಷದ ನ್ಯಾಯಾಧೀಶ,
ನನ್ನ ಕೈಯಿಂದ ಪೆನ್ಸಿಲು ಕಿತ್ತುಕೊಳ್ಳುತ್ತಾನೆ.

ಇನ್ನು ಹತ್ತೊಂಬತ್ತು ದಿನ.
ನನಗೀಗ ನಲವತ್ತೊಂದು.
ಡುಲೂತಿನ ಕೋರ್ಟಿನಲ್ಲಿ, ಸರೋವರದ ಗಾಳಿ
ಮೆಟ್ಟಿಲ ತನಕ ಅಟ್ಟಿಸಿಕೊಂಡು ಬರುವ ಕಟ್ಟಡದಲ್ಲಿ,
ಹದಿನಾಲ್ಕು ವರ್ಷದಿಂದ ಕಾಗದಕ್ಕೆ ಮೊಹರು ಒತ್ತುತ್ತಿದ್ದೇನೆ.
ಹೆಚ್ಚಿನವು ಬಾಡಿಗೆಮನೆ ಬಿಡಿಸುವ ಕಾಗದ.

ಹೋದ ಚಳಿಗಾಲ ಡೆಲ್ಫಿನ್ ಲಾರೂ
ಕಿಟಕಿಯ ಆಚೆ ನಿಂತು, ಒದ್ದೆ ಕೈಗವಸಿನ ಬೆರಳಲ್ಲಿ
ಒಂದು ಸಾಲು ತೋರಿಸಿದಳು.
‘ಇಲ್ಲಿ “ಹೊರತು” ಅಂತಿದೆಯಲ್ಲ, ಹಾಗೆಂದರೆ
ನಾನು ಇರಬಹುದಾ, ಹೋಗಬೇಕಾ?’
ನನಗೆ ಗೊತ್ತಿತ್ತು. ಹೇಳುವ ಹಕ್ಕಿರಲಿಲ್ಲ.
ಗಾಜಿನ ಮೇಲೆಯೇ ಬರೆದಿದೆ ದೊಡ್ಡಕ್ಷರದಲ್ಲಿ:
ಇಲ್ಲಿ ಕಾನೂನು ಸಲಹೆ ಕೊಡುವುದಿಲ್ಲ.
ಮೊಹರು ಒತ್ತಿದೆ. ನೀಲಿ.
ಸ್ವಲ್ಪ ಓರೆಯಾಯಿತು.

ಆ ರಾತ್ರಿಯೇ ಪುಸ್ತಕ ತರಿಸಿದ್ದು.
ಇದನ್ನು ಅರ್ಜಿಯ ಪ್ರಬಂಧದಲ್ಲಿ ಬರೆದಿಲ್ಲ;
ಬರೆದರೆ ಅವಳ ಕೈಗವಸನ್ನು
ಇನ್ನೊಮ್ಮೆ ಕಸಿದ ಹಾಗೆ.

ಇವತ್ತು, ಐವತ್ತೇಳರ ಮರುದಿನ,
ರೇನೊ ಚಿಕ್ಕಪ್ಪನ ಜೊತೆ ಮೀನಿಗೆ ಹೋದೆ,
ಊರಾಚೆಯ ಹೆಸರಿಲ್ಲದ ಸಣ್ಣ ಕೆರೆಗೆ.
ದಡದ ಬಳಿ ಮೊದಲ ಚಳಿಗೆ ಕಟ್ಟಿದ ಬಿಳಿ ಗಡ್ಡೆ,
ಅದರ ಮೇಲೆ ನಾನು ಗಟ್ಟಿಯಾಗಿ ಹೆಜ್ಜೆಯಿಟ್ಟೆ.
ಅದರಾಚೆ ಹೊಸದು: ಕಪ್ಪು, ಗಾಜಿನಂಥದು,
ಕೆಳಗೆ ಜೊಂಡು ತೂಗುವುದೂ ಕಾಣುತ್ತದೆ.
ಕಾಲು ನಿಂತುಬಿಟ್ಟಿತು.

ಚಿಕ್ಕಪ್ಪ ಬೈರಿಗೆ ತಿರುವಿ, ತೂತಿಗೆ ಕೋಲು ಇಳಿಸಿ ಅಳೆದ.
‘ಐದು ಅಂಗುಲ. ಬಾ.
ಬಿಳಿಯದರ ಹೊಟ್ಟೆ ತುಂಬ ಗಾಳಿ, ನಂಬಿಸುತ್ತದೆ.
ಇದು ಏನನ್ನೂ ಮುಚ್ಚಿಡುವುದಿಲ್ಲ, ಅದಕ್ಕೇ ನಿನಗೆ ಹೆದರಿಕೆ.’
ಹೋದೆ. ಕಾಲಡಿ ಎಲ್ಲೋ ದೂರಕ್ಕೆ
ಒಂದು ಸದ್ದು ಓಡಿತು, ಉದ್ದಕ್ಕೆ ಹರಿದ ಬಟ್ಟೆಯ ಹಾಗೆ.
ಆತ ತಲೆಯೆತ್ತಲಿಲ್ಲ.

ಅವನು ಹೇಳಿದ್ದು ನೀರ್ಗಲ್ಲಿನ ಮಾತು, ಅಷ್ಟೇ.
ನಾನು ಬರೆಯುವುದು ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ
ಎಂದೇ ಅವನ ನಂಬಿಕೆ.
ಮತ್ತೆ, ಕೆರೆಯಿಂದ ಪ್ರಶ್ನೆಪತ್ರಿಕೆಗೆ ಹಾರುವುದು
ದುರ್ಬಲ ಹೋಲಿಕೆ; ಅದೊಂದು ಉತ್ತರ
ಐದರಲ್ಲಿ ಎಲ್ಲೋ ಇದ್ದೇ ಇರುತ್ತದೆ.
ಗೊತ್ತು ನನಗೆ.
ಆದರೂ ಸಂಜೆ ಬಂದು ಅರವತ್ತೊಂಬತ್ತನ್ನು
ಫ್ರಿಜ್ಜಿನಿಂದ ಕಿತ್ತೆ. ಡಾಕ್ಟರ ಚೀಟಿ ಉಳಿಯಿತು.

ಹೊಸ ಪತ್ರಿಕೆ ತೆಗೆಯಲಿಲ್ಲ.
ತಪ್ಪಿದ್ದನ್ನೇ ತೆಗೆದೆ, ಹದಿನೇಳನೆಯದನ್ನು,
ಮೊದಲ ಸಾಲಿನಿಂದ, ಬೆರಳಿಟ್ಟು, ಶಾಲೆಯ ಮಗುವಿನ ಹಾಗೆ.
ನೋಟ್‌ಬುಕ್ಕಿನಲ್ಲಿ ಬರೆದೆ:
‘ಕೆಲವರು’ ಅಂದಿದ್ದನ್ನು ‘ಬಹಳ ಮಂದಿ’ ಎಂದು ಓದಿದೆ.
ಅದರ ಕೆಳಗೆ, ಇಪ್ಪತ್ತೆರಡಕ್ಕೆ:
‘ಹೊರತು’ ಇತ್ತು. ನೋಡದೆ ದಾಟಿದೆ.
ಪೆನ್ಸಿಲು ಅಲ್ಲೇ ತುಸು ಹೊತ್ತು ನಿಂತಿತು.

ಈರೊ ಟೈಮರು ತಂದ.
ಇವತ್ತು ಬೇಡ ಅಂದೆ.
ಅವನಿಗೆ ಕೆಲಸ ಹೋದ ಹಾಗಾಯಿತು;
ಎದುರಿಗೆ ಕೂತು, ಗದ್ದ ಮೇಜಿಗೂರಿ,
ನಾಲಿಗೆಯಲ್ಲೇ ಟಿಕ್, ಟಿಕ್ ಅನ್ನತೊಡಗಿದ,
ನಿಜವಾದ ಕ್ಷಣಗಳಿಗಿಂತ
ತುಂಬ ನಿಧಾನವಾಗಿ.