ಹನ್ನೊಂದನೇ ನಿಮಿಷ

ಮಾಚೇನಹಳ್ಳಿಯ ಶೆಡ್ಡಿನಲ್ಲಿ, ಎರಡನೇ ಪಾಳಿ,
ನೀರು ತುಂಬಿದ ತೊಟ್ಟಿಯ ಮುಂದೆ ಸ್ಟೂಲು ಹಾಕಿ
ಕೂತಿದ್ದೇನೆ, ಕೈಯಲ್ಲಿ ಗಡಿಯಾರ.
ತೊಟ್ಟಿಯ ತಳದಲ್ಲಿ ನಾವೇ ಕಡೆದ ಕವಾಟ:
ಏಳಂಗುಲದ ಉಕ್ಕಿನ ಕೊಳವೆ, ಒಳಗೊಂದು ರೆಪ್ಪೆ.
ಕೆಳಗಿನಿಂದ ಗಾಳಿ ಒತ್ತುತ್ತಿದೆ.
ಹದಿನೈದು ನಿಮಿಷ
ಒಂದು ಗುಳ್ಳೆಯೂ ಏಳಕೂಡದು.

ರಾಜಮಂಡ್ರಿಯಿಂದ ಬಂದಿದ್ದ ಸತ್ಯಕಾಂತಂ
ಬೋಂಡಾ ಕಟ್ಟಿದ ಕಾಗದದ ಮೇಲೇ ಗೆರೆ ಎಳೆದು ಹೇಳಿದ್ದರು:
ಎಲ್ಲರೂ ಕೊರೆಯುವುದು ಭಾರದ ಕೆಸರು ತುಂಬಿಕೊಂಡು.
ಬಂಡೆಯ ಉಸಿರಿಗಿಂತ ಕೆಸರಿನ ತೂಕ ಹೆಚ್ಚು,
ಬಾವಿ ತೆಪ್ಪಗಿರುತ್ತದೆ, ಮನುಷ್ಯರು ನಿದ್ದೆ ಮಾಡುತ್ತಾರೆ.
ಆದರೆ ಕೆಸರು ಬಂಡೆಯ ಸಣ್ಣ ಸಣ್ಣ ತೂತಿಗೆ ಹೊಕ್ಕು ಕೂರುತ್ತದೆ,
ಆಮೇಲೆ ಆಸಿಡ್ ಹುಯ್ದರೂ ಏಳುವುದಿಲ್ಲ.
ಇವರದು ಬೇರೆ ದಾರಿ. ನೊರೆ, ಸಾರಜನಕ,
ಬಂಡೆಗಿಂತ ಹಗುರಾಗಿ ಇಳಿಯುವುದು;
ಎಣ್ಣೆಯ ಪದರ ಮುಟ್ಟಿದ ಗಳಿಗೆಯಿಂದಲೇ
ಬಾವಿ ಮಾತಾಡುತ್ತಿರುತ್ತದೆ.

ತೊಂದರೆ ಇರುವುದು ಕೊನೆಗೆ.
ಕೊರೆದ ಸರಳನ್ನು ಮೇಲೆತ್ತಿ
ಸೀಳುಗಂಡಿಯ ಕೊಳವೆ ಇಳಿಸಬೇಕು.
ಬಾಯಿ ತೆರೆದ ಬಾವಿ, ಕೆಳಗಿಂದ ಒತ್ತಡ.
ಹೆದರಿದವರು ಅದೇ ಕೆಸರು ತಂದು ಸುರಿಯುತ್ತಾರೆ.
ಅದಕ್ಕೆ ಅವರ ಭಾಷೆಯಲ್ಲಿ ಒಂದೇ ಪದ: ಕೊಲ್ಲುವುದು.
‘ಇಪ್ಪತ್ತು ದಿನ ಜೋಪಾನ ಮಾಡಿ
ಇಪ್ಪತ್ತೊಂದನೇ ದಿನ ನಾವೇ ಕೊಂದುಬಿಡ್ತೀವಿ ಮೇಡಂ,’ ಅಂದರು.
ಚಟ್ನಿ ಮುಗಿದಿತ್ತು.

ಅದಕ್ಕೇ ಈ ರೆಪ್ಪೆ. ಕೊರೆಯುವ ಮೂತಿ
ತನ್ನನ್ನು ದಾಟಿ ಮೇಲೆ ಹೋದ ಕೂಡಲೇ ಮುಚ್ಚಿಕೊಳ್ಳಬೇಕು.
ಸ್ಪ್ರಿಂಗು ಬರೀ ನೆನಪು ಮಾಡುತ್ತದೆ;
ಒತ್ತಿ ಹಿಡಿಯುವುದು ಕೆಳಗಿನ ಉಸಿರೇ.
ಮೇಲೆ ಜನ ಕೊಳವೆಗೆ ಕೊಳವೆ ತಿರುಗಿಸಬಹುದು, ಬೀಡಿ ಇಲ್ಲದೆ,
ಕೆಳಗೆ ಬಾವಿ ಎಚ್ಚರವಾಗಿಯೇ ಇರುತ್ತದೆ.

ಹನ್ನೊಂದನೇ ನಿಮಿಷಕ್ಕೆ ಒಂದು ಗುಳ್ಳೆ.
ಸಾಸಿವೆಯಷ್ಟು.
‘ಬಿಡು ತನುಜಾ, ತೊಟ್ಟಿಯಲ್ಲೇ ಇದ್ದ ಗಾಳಿ,’ ಅಂದ ಹುಚ್ಚರಾಯಪ್ಪ.
ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯುತ್ತಿತ್ತು.
ಕಾಗದ ತಂದಿಟ್ಟ, ಪೆನ್ನಿನ ಮುಚ್ಚಳ ತೆಗೆದೇ.

ನಾನು ಎಣ್ಣೆ ಬಾವಿ ಕಂಡವಳಲ್ಲ.
ನಾನು ಕಂಡ ಆಳವೆಂದರೆ ಆಯನೂರಿನ ನಮ್ಮ ಬೋರು:
ಗಾಳಿಯಲ್ಲೇ ಕೊರೆದದ್ದು, ಬೂದಿಯಂಥ ಧೂಳು ಉಗುಳಿ
ಎದುರು ಮನೆಯ ಎಮ್ಮೆಗೂ ಬಿಳಿ ಬಳಿದದ್ದು.
ನೀರು ಬಂತು, ಒಳ್ಳೇ ನೀರು.
ಕೇಸಿಂಗ್ ಇಪ್ಪತ್ತಡಿ ಸಾಕು ಅಂದ ಅಪ್ಪ.
ಮೂರನೇ ವಾರ ಮಣ್ಣು ಕುಸಿದು ಮೋಟಾರೂ ಒಳಗೇ ಉಳಿಯಿತು.
ಈಗ ಅದರ ಬಾಯಿಗೆ ಒಂದು ಕಲ್ಲು,
ಕಲ್ಲಿನ ಮೇಲೆ ಅಮ್ಮ ಹಪ್ಪಳ ಒಣಗಿಸುತ್ತಾಳೆ.

‘ಸಹಿ ಹಾಕಲ್ಲ,’ ಅಂದೆ. ಧ್ವನಿ ದೊಡ್ಡದಾಯಿತೇನೋ,
ಲೇತಿನವರೆಲ್ಲ ತಿರುಗಿದರು.

ಇನಾಯತ್ ಮಾತ್ರ ಏನೂ ಅನ್ನದೆ
ಕವಾಟ ಎತ್ತಿಸಿ, ಬಿಚ್ಚಿ, ಬೆರಳು ಇಳಿಸಿದ.
ಭದ್ರಾವತಿಯಲ್ಲಿ ಮೂವತ್ತು ವರ್ಷ ಉಕ್ಕು ಮುಟ್ಟಿದ ಬೆರಳು;
ರೆಪ್ಪೆ ಕೂರುವ ಅಂಚಿನ ಗುಂಟ ಹೋಗಿ
ಒಂದು ಕಡೆ ನಿಂತಿತು. ‘ಇಲ್ಲಿ.’
ಕಣ್ಣಿಗೆ ಕಾಣದ ಗೀರು.

ಬೆಳಗಿನ ಜಾವ ಮೂರರವರೆಗೆ ಉಜ್ಜಿದ,
ಪೇಸ್ಟು ಹಚ್ಚಿ, ಎಂಟರ ಅಂಕಿ ಬರೆದ ಹಾಗೆ,
ಬರೆದು ಅಳಿಸಿ ಬರೆದ ಹಾಗೆ.
ಲಾರಿ ಡ್ರೈವರು ಸೀಟಿನಲ್ಲೇ ಮಲಗಿದ.
ಕೊನೆಗೆ ಆ ಅಂಚಿನಲ್ಲಿ ಟ್ಯೂಬ್‌ಲೈಟು
ಎಲ್ಲೂ ಮುರಿಯದೆ ಮೂಡಿತು.

ಮತ್ತೆ ಹದಿನೈದು ನಿಮಿಷ.
ಹದಿನಾಲ್ಕಕ್ಕೆ ನನ್ನದೇ ಉಸಿರು ತಾಗಿ ನೀರು ಅಲುಗಿ
ಎದೆ ಧಸಕ್ಕೆಂದಿತು.
ಸಹಿ ಹಾಕಿದೆ.

ಆರೂಕಾಲರ ಭದ್ರಾವತಿ ಬಸ್ಸು.
ಬ್ರೇಕಿಗೊಮ್ಮೆ ಬಾಗಿಲು ತೆರೆದು,
ಗಾಳಿಗೆ ತಾನೇ ಬಂದು ಕೂರುತ್ತಿತ್ತು, ಧಡ್ ಅಂತ.
ಇನಾಯತ್ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡ.
‘ಸೋರ್ತಿದೆ,’ ಅಂದ.