ಮೂವತ್ತೊಂದು ಚೌಕ

ನನ್ನ ಬ್ಯಾಂಕೆಂದರೆ ಈ ಸೈಕಲ್ಲು, ಹೆಗಲ ಚೀಲ,
ದಾರ ಕಟ್ಟಿದ ಪೆನ್ನು
ಮತ್ತು ಒಂದೊಂದರಲ್ಲೂ ಮೂವತ್ತೊಂದು ಚೌಕವಿರುವ ಕಾರ್ಡುಗಳು.
ಕೊಟೊನುವಿನ ಸಂತೆಯಲ್ಲಿ
ಟೊಮೆಟೊ ಸಾಲಿನಿಂದ ಒಣಮೀನಿನ ಸಾಲಿನ ತನಕ
ದಿನಾ ಬೆಳಿಗ್ಗೆ ಕೈ ಚಾಚುತ್ತೇನೆ. ಭಿಕ್ಷುಕನಲ್ಲ,
ತೊಂತೀನಿನವನು.
ಐನೂರು ಫ್ರಾಂಕಿಗೆ ಒಂದು ಗೀಟು.
ತಿಂಗಳು ತುಂಬಿದರೆ ಮೂವತ್ತು ಗೀಟು ಅವರದ್ದು,
ಮೊದಲನೆಯದು ನನ್ನದು.
ಇಟ್ಟವರಿಗೆ ಬಡ್ಡಿ ಇಲ್ಲ, ಇಡಿಸಿಕೊಂಡವನಿಗೆ ಕೂಲಿ:
ಅವರ ದುಡ್ಡನ್ನು ಅವರ ಕೈಯಿಂದ,
ಅವರ ಭಾವಮೈದುನರ ಕೈಯಿಂದ ಕಾಪಾಡಿದ್ದಕ್ಕೆ.

ಹುಯೆಫಾ ತಲೆಮೇಲೆ ಬೋಗುಣಿ ಹೊತ್ತು
ನೀರಿನ ಪೊಟ್ಟಣ ಮಾರುವವಳು.
ಐಸು ಬೇರೆಯವರದ್ದು, ಕುತ್ತಿಗೆ ತನ್ನದು.
ಬಂದರಿನ ಹತ್ತಿರ ಹಳೆಯ ಫ್ರೀಜರೊಂದನ್ನು ನೋಡಿ ಬಂದಿದ್ದಳು,
ಒಂದು ಲಕ್ಷದ ಎಂಬತ್ತು ಸಾವಿರ.
ಏಳು ಕಾರ್ಡು ತುಂಬಿದ್ದವು, ಇನ್ನೈದು ಬಾಕಿ.
"ಐದು ತಿಂಗಳಿಗೆ ಮಳೆ ಹಿಡಿಯುತ್ತೆ.
ಬಿಸಿಲು ಹೋದಮೇಲೆ ತಂಪು ಯಾರಿಗೆ ಬೇಕು?" ಅಂದಳು.
ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಸರಿ;
ಹಾಸಿಗೆ ಹೊಲಿಸಲಿಕ್ಕೆ ಕೊಡುವವರು ಯಾರು?

ಬ್ಯಾಂಕಿಗೆ ನನ್ನನ್ನೂ ಕರೆದುಕೊಂಡು ಹೋದಳು.
ಅರವತ್ತನಾಲ್ಕನೇ ಟೋಕನ್ನು.
ಕುರ್ಚಿಯ ತುದಿಯಲ್ಲಿ ಕೂತು ಕಿವಿಯಲ್ಲಿ ಪಿಸುಗುಟ್ಟಿದಳು:
"ಇಷ್ಟು ತಂಪನ್ನು ಇವರು ಪುಕ್ಕಟೆ ಕೊಡ್ತಾರಲ್ಲ!"
ಅಹುವಾನ್ಸು ಸಾಹೇಬರು ಒಳ್ಳೆಯವರೇ.
ಜಮೀನಿನ ಪತ್ರ ಕೇಳಿದರು, ಸಂಬಳದ ಚೀಟಿ ಕೇಳಿದರು,
ಮೂರು ವರ್ಷದ ಲೆಕ್ಕ ಕೇಳಿದರು.
ಅವಳು ಏಳೂ ಕಾರ್ಡನ್ನು ಮೇಜಿನ ಮೇಲೆ ಇಸ್ಪೀಟಿನಂತೆ ಹರಡಿದಳು.
ತಿರುಗಿಸಿ ಮುರುಗಿಸಿ ನೋಡಿದರು: "ಮೊಹರು ಎಲ್ಲಿ?"
ತಾಳೆ ಎಣ್ಣೆಯ ಬೆರಳಚ್ಚು ಇತ್ತು.
ಮೊಹರು ಇರಲಿಲ್ಲ.

ಗುಂಪು ಸಾಲಕ್ಕೆ ಐದು ಹೆಂಗಸರು ಬೇಕು,
ಒಬ್ಬರಿಗೊಬ್ಬರು ಜಾಮೀನು.
ಐದನೆಯವಳು ಅಫಿಯಾವಿ ಎಂದು ಗೊತ್ತಾದದ್ದೇ
ಉಳಿದ ಮೂವರು ಬಟ್ಟೆ ಕೊಡವಿಕೊಂಡು ಎದ್ದರು.
ಫೋನಿನ ಸಾಲ ಗುಂಡಿ ಒತ್ತಿದ ಕೂಡಲೇ ಬಂತು,
ಇಪ್ಪತ್ತೇ ಸಾವಿರ, ಅವಸರದ ನೆಂಟ:
ಚಪ್ಪಲಿ ಬಿಡುವ ಮೊದಲೇ ಹೊರಡುವ ಮಾತು.
ಅದೇ ಸಂಜೆ ಹಿಂದಕ್ಕೆ ಕಳಿಸಿದಳು.

ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಕೊಡು."

ಈ ಚೀಲದಲ್ಲಿ ನೂರ ಹನ್ನೆರಡು ಜನ ಮಲಗಿದ್ದಾರೆ.
ದೊವೊನು ಎಂಬವನೊಬ್ಬ ಇಂಥದೇ ಚೀಲ ಹೊತ್ತು
ರಾತ್ರೋರಾತ್ರಿ ಗಡಿ ದಾಟಿದ್ದ;
ಹೆಂಗಸರು ಬಂದು ಅವನ ಖಾಲಿ ಕುರ್ಚಿಗೆ ಹೊಡೆದರು.
ಇಂದಿಗೂ ಸಂತೆಯಲ್ಲಿ ನನ್ನ ಕೈ ನೋಡುವ ಮೊದಲು
ನನ್ನ ಕಾಲು ನೋಡುತ್ತಾರೆ.
ಅವರದ್ದನ್ನು ಮುಟ್ಟುವ ಹಾಗಿಲ್ಲ.
ನನ್ನದೆಂದರೆ ಬರೀ ಮೊದಲ ಚೌಕಗಳು,
ಮೋಟಾರು ಬೈಕಿಗೆಂದು ಎರಡು ವರ್ಷದಿಂದ ಎತ್ತಿಟ್ಟದ್ದು.
ಎಪ್ಪತ್ತೈದು ಸಾವಿರ ಎಣಿಸಿದೆ. ಮತ್ತೆ ಎಣಿಸಿದೆ.
ಎರಡನೇ ಸಲ ಜಾಸ್ತಿಯೇನೂ ಆಗಲಿಲ್ಲ.

ಪತ್ರ ಬರೆಯಲಿಲ್ಲ.
ಫ್ರೀಜರಿನ ಎರಡು ಕೀಲಿಯಲ್ಲಿ ಒಂದನ್ನು
ನನ್ನ ಪೆನ್ನಿನ ದಾರಕ್ಕೆ ಕಟ್ಟಿದಳು, ಅಷ್ಟೇ.

ಮೊದಲ ಎರಡು ದಿನ ಕರೆಂಟು ಇರಲಿಲ್ಲ.
ಅದರ ಮೇಲೆ ಸತ್ತ ಎಮ್ಮೆಯ ಮೇಲೆ ಕೂತಂತೆ ಕೂತಿದ್ದಳು,
ನಾನು ಬೇರೆ ಸಾಲಿನಿಂದ ಹೋದೆ.
ಮೂರನೇ ದಿನ ದೂರಕ್ಕೇ ಕೇಳಿಸಿತು ಅದರ ಗೊಣಗು.
ಬೆವರು ಒರೆಸಿಕೊಂಡು ನಿಂತವನಿಗೆ
ಹಲ್ಲು ಜುಮ್ಮೆನ್ನುವ ಪೊಟ್ಟಣ ಕೊಟ್ಟಳು,
ಕೊಟ್ಟು, ಐವತ್ತು ಫ್ರಾಂಕ್ ಅಂದಳು.
ಕೊಟ್ಟೆ.

ಮುಚ್ಚಳದ ಮೇಲೆ ಇದ್ದಿಲಲ್ಲಿ ಗೆರೆ ಎಳೆದಿದ್ದಳು,
ಮೂವತ್ತೊಂದು ಚೌಕ:
ನನ್ನ ಸಾಲ, ದಿನಕ್ಕೆ ಐನೂರರ ಹಾಗೆ.
ಮೊದಲ ಚೌಕದಲ್ಲಿ ಗೀಟು ಬಿದ್ದಿತ್ತು. ಕೈ ಚಾಚಿದೆ.
"ಅದು ನನ್ನದು," ಅಂದಳು.
"ನಿನ್ನ ದುಡ್ಡು ನಾನು ಕಾಯ್ತಿಲ್ವಾ?"

ಬಾಯಲ್ಲಿ ಐಸು ಇತ್ತು, ಜಗಳಾಡಲಾಗಲಿಲ್ಲ.
ಒಣಮೀನಿನ ಸಾಲು ಮುಟ್ಟುವವರೆಗೂ
ಲೆಕ್ಕ ಹಾಕುತ್ತಾ ಪೆಡಲು ತುಳಿದೆ,
ತಪ್ಪು ಸಿಗಲಿಲ್ಲ.