ಸುಂಕೇರಿ ಹಳ್ಳದ ಬಾಯಲ್ಲಿ

ಬೆಳಗಿನ ಆರಕ್ಕೆ ಇಳಿತ. ಪುರ್ಸು ತಾಂಡೇಲ
ಸೀಸದ ಗುಂಡು ಬಿಡುತ್ತಾನೆ; ಹಗ್ಗ ಬೆರಳ ಸಂದಿನಲ್ಲಿ
ಗಂಟುಗಂಟಾಗಿ ಜಾರುತ್ತದೆ.
‘ಎರಡು ಮಾರು.’ ಬರೆದುಕೊಳ್ಳುತ್ತೇನೆ.
‘ಒಂದೂವರೆ.’ ಬರೆದುಕೊಳ್ಳುತ್ತೇನೆ.
‘ಮೊಳ.’
ದೋಣಿಯ ಹೊಟ್ಟೆಗೆ ಮರಳು ಮೆತ್ತಗೆ ತಾಗಿ
ನಮ್ಮನ್ನು ಹಿಡಿದುಕೊಂಡಿದೆ.

ಹೋದ ಮಾಘದಲ್ಲಿ ಇಲ್ಲೇ
ಹಂಚು ತುಂಬಿದ ಮಚವೆ ಹನ್ನೊಂದು ದಿನ ವಾಲಿಕೊಂಡಿತ್ತು.

ಕಾಳಿ ನೇರ ಕಡಲಿಗೆ ನಡೆವವಳು.
ಹಳ್ಳ ಬಂದು ಅವಳ ಪಕ್ಕೆಗೆ ತಲೆ ಗುದ್ದುತ್ತದೆ,
ಗುದ್ದಿ ಬೆಪ್ಪಾಗಿ ನಿಲ್ಲುತ್ತದೆ.
ನಿಂತ ನೀರಿಗೆ ಹೊರೆ ಹೊರಲಾಗದು:
ಗುಡ್ಡದ ಕೆಮ್ಮಣ್ಣು, ಯಾರದೋ ಬೇಲಿಯ ಗೂಟ,
ಒಂಟಿ ಹವಾಯಿ ಚಪ್ಪಲಿ,
ಎಲ್ಲ ಇಲ್ಲೇ ಇಳಿಸಿ ಕೈ ಝಾಡಿಸುತ್ತದೆ.
ಊರ ಹೆಸರು ಹಳ್ಳಕ್ಕೂ ಗೊತ್ತಿರಬೇಕು,
ದೋಣಿ ದೋಣಿಯಿಂದಲೂ ವಸೂಲಿ.

ಬಂದರು ಕಚೇರಿಯ ನಕ್ಷೆಯಲ್ಲಿ ನಾನು
ಕೆಂಪು ಪೆನ್ಸಿಲಿನಿಂದ ‘ಅಗೆಯುವುದು’ ಎಂದು ಬರೆದಿದ್ದೆ.
ಪುರ್ಸು ಬೀಡಿ ಕಚ್ಚಿಕೊಂಡೇ ನಕ್ಕ:
‘ಅಗೆದ್ರೆ ಮತ್ತೆ ತರ್ತದೆ ಸಾಯ್ಬರೆ, ಅದಕ್ಕೇನು ಸಂಬಳ ಕೊಡ್ಬೇಕಾ?
ಹೋಗ್ತಾ ಇದ್ದ ದೋಣಿಗೆ ಹತ್ತೂದು ಹ್ಯಾಂಗೆ?
ಅಡ್ಡ ಹಾರಿದ್ರೆ ಮಗುಚ್ತದೆ.
ಜೊತೆಗೇ ಸ್ವಲ್ಪ ಓಡ್ಬೇಕು,
ಹೆಗಲಿಗೆ ಹೆಗಲು ಬಂದ ಮೇಲೆ ಕಾಲಿಡ್ಬೇಕು.’

ಕೆಂಪನ್ನು ಅಳಿಸಿ ಓರೆಯಾಗಿ ಒಂದು ಗೆರೆ ಎಳೆದೆ.
ಮೂರು ಬೇಸಿಗೆ. ಕಪ್ಪುಕಲ್ಲು. ಗೋಡೆ.
ಮೊದಲ ಮಳೆ ತುದಿಯ ಎರಡು ವರಸೆ ತಿಂದಿತು,
ಮತ್ತೆ ಕಟ್ಟಿದೆವು.
ಆಮೇಲೆ ಹಳ್ಳ ತಿರುಗಲು ಕಲಿಯಿತು,
ಅರ್ಧ ಫರ್ಲಾಂಗು ಕಾಳಿಯ ಪಕ್ಕಪಕ್ಕ
ತನ್ನ ಬಣ್ಣ ಬೇರೆ ಇಟ್ಟುಕೊಂಡೇ ನಡೆದು
ಎಲ್ಲಿ ಬೆರೆಯಿತೋ ತಿಳಿಯದಂತೆ ಬೆರೆಯಿತು.
‘ಮೂರು ಮಾರು,’ ಪುರ್ಸು ಕೂಗಿದ. ‘ಮೂರು. ಮೂರೂಕಾಲು!’
ಮಚವೆಗಳು ಭರತಿಗೆ ಕಾಯದೆ ಹೋಗತೊಡಗಿದವು.

ಯಶೂಬಾಯಿ ಬಂದದ್ದು ದೀಪಾವಳಿಯ ಮರುವಾರ,
ಖಾಲಿ ಬುಟ್ಟಿಯನ್ನು ಕಚೇರಿಯ ಮೆಟ್ಟಿಲ ಮೇಲಿಟ್ಟು:
‘ಇಳಿತಕ್ಕೆ ದಿಬ್ಬದ ಮೇಲೆ ನಿಂತು
ನಾವು ಏಳು ಹೆಂಗಸರು ಚಿಪ್ಪಿ ಆರಿಸ್ತಿದ್ವಿ. ಮೊಣಕಾಲ ನೀರು.
ಈಗ ನನ್ನ ತಲೆ ಮೇಲೆ ಇನ್ನೊಬ್ಬಳು ನಿಂತ್ರೂ ಮುಳುಗ್ತಾಳೆ.
ಅದನ್ನ ಪುಸ್ತಕದಲ್ಲಿ ಬರ್ಕೊಂಡ್ರಾ?’

ತೆರೆದು ನೋಡಿದೆ.
ಪುಟ ತುಂಬ ಮಾರುಗಳು. ಪುರ್ಸುವಿನ ಕೂಗು, ನನ್ನ ಅಕ್ಷರ.
ಅವಳ ಮೊಣಕಾಲು ಎಲ್ಲೂ ಇರಲಿಲ್ಲ.

ನಾಳೆ ಇಳಿತ ಆರೂಮುಕ್ಕಾಲಿಗೆ.
ಗೋಡೆಯಿಂದ ಕೆಳಗೆ, ನೀರಿಗೆ ಸುಸ್ತಾಗುವ ಕಡೆ ಎಲ್ಲೋ
ಆ ಮರಳು ಇಳಿದಿರಲೇಬೇಕು.
ಈ ಸಲ ದೋಣಿಯಲ್ಲಿ ಮೂವರು.
ಗುಂಡು ಪುರ್ಸುವಿನ ಕೈಲಿ,
‘ಮೊಳ’ ಎಂದರೆ ಹಿಗ್ಗುವವಳು ಮುಂದೆ,
ಬುಟ್ಟಿ ಮಡಿಲಲ್ಲಿಟ್ಟು.